ತಾತನ ವಾಚು ಲಾಸ್ ವೇಗಸ್‌ನಲ್ಲೇ ಇತ್ತು

ಏಳು ದಿನ, ಏಳು ರಾಜ್ಯ, ಒಂದು ಬಸ್ಸು. ಅದರಲ್ಲಿ ಐವತ್ತಕ್ಕೂ ಹೆಚ್ಚು ಜನ. ಅವರ ಪೈಕಿ ಕನ್ನಡದವರು ಎರಡೂವರೆ ಜನ: ನಾನು, ನಮ್ಮವರು, ಮತ್ತೆ ಅರ್ಧ ಲೆಕ್ಕಕ್ಕೆ ನಮ್ಮ ಹತ್ತು ವರ್ಷದ ಮೊಮ್ಮಗಳು ಪುಟ್ಟಿ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ.

ಮಗಳ ಮನೆ ಇರುವುದು ಲಾಸ್ ಏಂಜಲೀಸ್ ಹತ್ತಿರ. ನಾವು ಹೋದ ಜೂನ್ ತಿಂಗಳಲ್ಲಿ ಅವಳಿಗೂ ಅಳಿಯನಿಗೂ ರಜೆ ಸಿಗಲಿಲ್ಲ. "ನೀವು ಮೂವರೂ ಬಸ್ಸಿನಲ್ಲಿ ಹೋಗಿಬನ್ನಿ. ಗೈಡ್ ಇರ್ತಾನೆ, ಹೋಟೆಲ್ ಅವರದ್ದೇ, ನೀವು ಹತ್ತಿ ಇಳಿದರೆ ಸಾಕು" ಎಂದು ಟಿಕೆಟ್ ಮಾಡಿಸಿಬಿಟ್ಟಳು. ಹೊರಡುವ ದಿನ ನನ್ನನ್ನು ಪಕ್ಕಕ್ಕೆ ಕರೆದು, "ಅಮ್ಮ, ಪುಟ್ಟೀನ ನೋಡ್ಕೋ" ಅಂದಳು. ಅಡುಗೆಮನೆಯ ಆಚೆ ಅಳಿಯ ಪುಟ್ಟಿಯ ಕಿವಿಯಲ್ಲಿ, "ಅಜ್ಜಿ ತಾತನ್ನ ನೋಡ್ಕೋ" ಅನ್ನುವುದೂ ಕೇಳಿಸಿತು.

ಹೀಗೆ ನಾಲ್ಕು ಸಾವಿರ ಕಿಲೋಮೀಟರಿನ ಪ್ರಯಾಣ ಶುರುವಾಯಿತು. ಪಶ್ಚಿಮ ಅಮೆರಿಕದ ಊರುಗಳನ್ನೂ ರಾಷ್ಟ್ರೀಯ ಉದ್ಯಾನಗಳನ್ನೂ ಒಟ್ಟಿಗೆ ತೋರಿಸುವ ಇಂಥ ಬಸ್ಸುಗಳು ಅಲ್ಲಿ ಬಹಳ. ನಮ್ಮ ಬಸ್ಸಿನಲ್ಲಿ ಮುಕ್ಕಾಲು ಪಾಲು ಚೀನೀ ಕುಟುಂಬಗಳು. ನಮ್ಮ ಹಾಗೆಯೇ ಮಕ್ಕಳ ಮನೆಗೆ ಬಂದ ಅಜ್ಜ ಅಜ್ಜಿಯರು, ಅವರ ಕೈ ಹಿಡಿದ ಮೊಮ್ಮಕ್ಕಳು. ಗೈಡ್ ಹುಡುಗನೂ ಚೀನಾ ಮೂಲದವನು. ಪ್ರತಿಯೊಂದನ್ನೂ ಮೈಕಿನಲ್ಲಿ ಮೊದಲು ಚೀನೀ ಭಾಷೆಯಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದ. ನಮ್ಮವರು ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಇಂಗ್ಲಿಷಿನಲ್ಲೇ ಪತ್ರ ಬರೆದವರು. ಆದರೂ ಮೈಕಿನಿಂದ ಬರುವ ಆ ಇಂಗ್ಲಿಷ್ ಅವರ ಕಿವಿಗೆ ಸಿಗುತ್ತಿರಲಿಲ್ಲ. ಮೂರನೆಯ ಪ್ರಸಾರ ಪುಟ್ಟಿಯದು. "ತಾತ, ಫಿಫ್ಟೀನ್ ಮಿನಿಟ್ಸ್ ಅಷ್ಟೇ. ಬಾತ್‌ರೂಮ್ ಅಲ್ಲಿದೆ."

ಮೊದಲ ದಿನವೇ ಬಸ್ಸಿನ ಕಾನೂನು ತಿಳಿಯಿತು. ದಿನಾ ಸೀಟು ಬದಲಾಗುತ್ತದೆ, ಮುಂದಿನ ಸಾಲಿನವರು ಹಿಂದೆ ಹೋಗಬೇಕು. ಹೇಳಿದ ಸಮಯಕ್ಕೆ ಬಾರದವರಿಗೆ ಬಸ್ಸು ಕಾಯುವುದಿಲ್ಲ. ಗೈಡಿಗೂ ಚಾಲಕನಿಗೂ ತಲೆಗಿಷ್ಟು, ದಿನಕ್ಕಿಷ್ಟು ಎಂದು ಟಿಪ್ಸ್ ಕೊಡಬೇಕು, ಮಕ್ಕಳ ಲೆಕ್ಕವೂ ಸೇರಿ. ಜಾಹೀರಾತಿನಲ್ಲಿ ಕಾಣುವ ದರಕ್ಕೆ ಇದೂ, ಉದ್ಯಾನಗಳ ಪ್ರವೇಶ ಶುಲ್ಕವೂ, ಮೂರು ಹೊತ್ತಿನ ಊಟವೂ ಸೇರಿಸಿಕೊಂಡೇ ಹಣ ಎಣಿಸಬೇಕು. ಊಟದ ಚಿಂತೆ ನನಗಿರಲಿಲ್ಲ. ಚಪಾತಿ, ಚಟ್ನಿಪುಡಿ, ಗೊಜ್ಜವಲಕ್ಕಿ ಪುಡಿ, ಪುಳಿಯೋಗರೆ ಗೊಜ್ಜು ಪೆಟ್ಟಿಗೆಯಲ್ಲಿದ್ದವು. ಹೋಟೆಲ್ ಕೋಣೆಯ ಕಾಫಿ ಯಂತ್ರದಲ್ಲಿ ಕಾಫಿಪುಡಿ ಹಾಕದೆ ಬರೀ ನೀರು ಕಾಯಿಸಿದರೆ ಅವಲಕ್ಕಿ ನೆನೆಸಲು ಅದೇ ಧಾರಾಳ.

ಆ ರಾತ್ರಿ ಲಾಸ್ ವೇಗಸ್. ದೀಪ, ಕಾರಂಜಿ, ಜೂಜು. ಹೋಟೆಲಿನಲ್ಲಿ ನಮ್ಮ ಕೋಣೆಗೆ ಹೋಗಬೇಕಾದರೂ ಜೂಜಿನ ಯಂತ್ರಗಳ ನಡುವೆಯೇ ದಾರಿ. 21 ವರ್ಷ ತುಂಬದವರು ಅಲ್ಲಿ ನಿಲ್ಲುವ ಹಾಗಿಲ್ಲವಾದ್ದರಿಂದ ಪುಟ್ಟಿ ನಮ್ಮನ್ನು ಎಳೆದುಕೊಂಡೇ ಓಡಿದಳು. ಆ ಊರಿನ ಬಗ್ಗೆ ನನಗೆ ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ಎರಡನೆಯ ದಿನವೇ ನಡೆದಿದ್ದು ನಮ್ಮ ಕಥೆ.

ನಮ್ಮವರ ಕೈಯಲ್ಲಿ ಒಂದು ಎಚ್‌ಎಂಟಿ ಜನತಾ ಗಡಿಯಾರ ಇದೆ. ಮೊದಲ ಸಂಬಳದಲ್ಲಿ ಕೊಂಡಿದ್ದು. ದಿನಾ ಬೆಳಿಗ್ಗೆ ಕೀಲಿ ಕೊಡಬೇಕು. ಈಗ ಅದರ ಕೀಲಿ ಸವೆದಿದೆ, ಮುಳ್ಳು ತಿರುಗಿಸಲು ಹೊರಕ್ಕೆ ಎಳೆದರೆ ಕೈಗೇ ಬಂದುಬಿಡುತ್ತದೆಂಬ ಭಯ. ಲಾಸ್ ಏಂಜಲೀಸ್ ವಿಮಾನ ನಿಲ್ದಾಣದಲ್ಲಿ ಒಮ್ಮೆ ಜೋಪಾನವಾಗಿ ಅಲ್ಲಿನ ಹೊತ್ತಿಗೆ ತಿರುಗಿಸಿ, "ಇನ್ನು ಬೆಂಗಳೂರಿಗೆ ಹೋಗೋತನಕ ಇದನ್ನ ಮುಟ್ಟಲ್ಲ" ಅಂದಿದ್ದರು. ಮೊಬೈಲು ಇತ್ತು, ಆದರೆ ಅದು ಫೋಟೋ ತೆಗೆಯಲು ಪುಟ್ಟಿಯ ಕೈಯಲ್ಲಿ.

ಮಕ್ಕಳೇ, ನಮ್ಮ ದೇಶದಲ್ಲಿ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಗಡಿಯಾರ ಒಂದೇ. ಅಮೆರಿಕದಲ್ಲಿ ಹಾಗಲ್ಲ. ಪೂರ್ವ ಪಶ್ಚಿಮಕ್ಕೆ ಅಷ್ಟು ಅಗಲದ ನಾಡು. ಮೊದಲು ಊರೂರಿಗೆ ಒಂದೊಂದು ಹೊತ್ತು ಇತ್ತಂತೆ. ರೈಲಿನ ವೇಳಾಪಟ್ಟಿ ಮಾಡುವುದೇ ಕಷ್ಟವಾಗಿ, 1883ರ ನವೆಂಬರ್ 18ರಂದು ಅಲ್ಲಿನ ರೈಲು ಕಂಪನಿಗಳು ದೇಶವನ್ನು ಪಟ್ಟಿ ಪಟ್ಟಿಯಾಗಿ ವಿಂಗಡಿಸಿ ಒಂದೊಂದು ಪಟ್ಟಿಗೆ ಒಂದೊಂದು ಹೊತ್ತು ಗೊತ್ತುಮಾಡಿದವು. ಲಾಸ್ ವೇಗಸ್ ಇರುವ ನೆವಾಡ ಒಂದು ಪಟ್ಟಿಯಲ್ಲಿ, ಮುಂದೆ ಸಿಗುವ ಯೂಟಾ ಇನ್ನೊಂದು ಪಟ್ಟಿಯಲ್ಲಿ. ಯೂಟಾ ಮುಟ್ಟಿದ ಕೂಡಲೇ ಗಡಿಯಾರ ಒಂದು ಗಂಟೆ ಮುಂದೆ ಇಡಬೇಕು. ಗೈಡ್ ಇದನ್ನು ಎರಡು ಭಾಷೆಯಲ್ಲೂ ಹೇಳಿದ್ದ. ಮೂರನೆಯ ಪ್ರಸಾರ ಆಗಲಿಲ್ಲ, ಪುಟ್ಟಿ ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು.

ಬ್ರೈಸ್ ಕ್ಯಾನ್ಯನ್ ತಲುಪಿದಾಗ ಗೈಡ್ ಬೆರಳು ಮಡಿಸಿ ತೋರಿಸಿ ಹೇಳಿದ, ಎರಡೂವರೆಗೆ ಎಲ್ಲರೂ ಬಸ್ಸಿನಲ್ಲಿರಬೇಕು. ನಮ್ಮವರು ವಾಚು ನೋಡಿಕೊಂಡು, "ಪರವಾಗಿಲ್ಲ ಕಣೇ, ಹುಡುಗ ಧಾರಾಳಿ. ಎರಡು ಗಂಟೆಗೂ ಮೇಲೆ ಬಿಟ್ಟಿದ್ದಾನೆ" ಅಂದರು. ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಬ್ರೈಸ್ ನೋಡಿದವರು ಯಾರಾದರೂ ಮೈಮರೆಯುತ್ತಾರೆ. ಅಂಚಿನಲ್ಲಿ ನಿಂತು ಬಗ್ಗಿ ನೋಡಿದರೆ ಕೆಳಗೆ ಸಾವಿರಾರು ಕಲ್ಲುಕಂಬಗಳು. ಕೇಸರಿ, ಗುಲಾಬಿ, ಕೆನೆ ಬಣ್ಣ. ಒಂದೊಂದೂ ಒಬ್ಬೊಬ್ಬ ಮನುಷ್ಯ ಒತ್ತೊತ್ತಾಗಿ ನಿಂತ ಹಾಗೆ, ಜಾತ್ರೆಯಲ್ಲಿ ತೇರು ಬರುವುದನ್ನು ಕಾಯುತ್ತಿರುವ ಜನದ ಹಾಗೆ. ಇವಕ್ಕೆ ಹೂಡೂ ಅನ್ನುತ್ತಾರೆ. ಇವನ್ನು ಕೆತ್ತಿದ ಶಿಲ್ಪಿ ಮಂಜು. ವರ್ಷದಲ್ಲಿ 150ಕ್ಕೂ ಹೆಚ್ಚು ದಿನ ಅಲ್ಲಿ ಹಗಲು ಹಿಮ ಕರಗಿ ನೀರು ಬಂಡೆಯ ಬಿರುಕಿಗೆ ಇಳಿಯುತ್ತದೆ, ರಾತ್ರಿ ಅಲ್ಲೇ ಹೆಪ್ಪುಗಟ್ಟುತ್ತದೆ. ನೀರು ಮಂಜುಗಡ್ಡೆಯಾದಾಗ ಹಿಗ್ಗುತ್ತದಲ್ಲ, ಬಿರುಕು ಒಂದು ಕೂದಲಿನಷ್ಟು ಅಗಲವಾಗುತ್ತದೆ. ಹೀಗೆ ದಿನಾ ರಾತ್ರಿ. ಈ ಜಾಗಕ್ಕೆ ಹೆಸರು ಬಂದದ್ದು ಎಬೆನೀಜರ್ ಬ್ರೈಸ್ ಎಂಬ ರೈತನಿಂದ. ಹಸು ಕಳೆದುಕೊಂಡರೆ ಹುಡುಕುವುದಕ್ಕೆ ಇದಕ್ಕಿಂತ ಕೆಟ್ಟ ಜಾಗ ಇಲ್ಲ ಎಂದು ಆತ ಹೇಳುತ್ತಿದ್ದನಂತೆ. ಗಂಡನನ್ನು ಹುಡುಕುವುದಕ್ಕೂ ಇಲ್ಲ ಎಂದು ನಾನು ಸೇರಿಸುತ್ತೇನೆ.

ನನ್ನ ಮಂಡಿ ಮಾತು ಕೇಳಲಿಲ್ಲ. ನಾನೂ ಪುಟ್ಟಿಯೂ ಸನ್‌ಸೆಟ್ ಪಾಯಿಂಟ್ ಎಂಬಲ್ಲಿ ಬೆಂಚಿನ ಮೇಲೆ ಕುಳಿತೆವು. ನಮ್ಮವರು "ಒಂದು ಸುತ್ತು ಬರ್ತೀನಿ" ಎಂದು ಅಂಚಿನ ದಾರಿ ಹಿಡಿದರು. ಆ ನೆಲದ ಪೈಯೂಟ್ ಜನರು ಈ ಕಂಬಗಳ ಬಗ್ಗೆ ಹೇಳುವ ಕಥೆಯನ್ನು ಪುಟ್ಟಿ ನನಗೆ ಹೇಳಿದಳು. ಹಿಂದೆ ಇಲ್ಲಿ ಇದ್ದ ಜನ ಕೆಟ್ಟದಾಗಿ ನಡೆದುಕೊಂಡರಂತೆ, ಕಾಯೋಟೆ ಎಂಬ ನರಿಯಂಥ ಮಾಯಾವಿ ಪ್ರಾಣಿ ಅವರನ್ನೆಲ್ಲ ಕಲ್ಲು ಮಾಡಿಬಿಟ್ಟಿತಂತೆ. ಮುಖಕ್ಕೆ ಬಳಿದ ಬಣ್ಣ ಈಗಲೂ ಹೋಗಿಲ್ಲ. ನಾನು ಅವಳಿಗೆ ಅಹಲ್ಯೆಯ ಕಥೆ ಹೇಳಿದೆ. ಕಲ್ಲಾದವಳು ರಾಮನ ಪಾದ ಸೋಕಿ ಮತ್ತೆ ಹೆಣ್ಣಾದದ್ದು. ಪುಟ್ಟಿ ಬಹಳ ಹೊತ್ತು ಕೆಳಗೆ ನೋಡಿ, "ಅಜ್ಜಿ, ಇವರಿಗೆಲ್ಲ ರಾಮ ಯಾವಾಗ ಬರ್ತಾನೆ?" ಎಂದು ಕೇಳಿದಳು. ಕನ್ನಡದಲ್ಲೇ ಕೇಳಿದಳು ಎನ್ನುವುದು ನನಗೆ ಹೊಳೆದದ್ದು ರಾತ್ರಿ ಮಲಗಿದ ಮೇಲೆ.

ಎರಡೂವರೆಗೆ ಐದು ನಿಮಿಷ ಇರುವಾಗ ನಾವು ಬಸ್ಸಿಗೆ ಬಂದೆವು. ಎಲ್ಲರೂ ಬಂದಿದ್ದರು, ನಮ್ಮವರ ಸೀಟು ಖಾಲಿ.

ಎರಡೂವರೆ. ಎರಡು ಮುಕ್ಕಾಲು. ಗೈಡ್ ಎರಡು ಸಲ ತಲೆ ಎಣಿಸಿದ. ಚಾಲಕ ಸ್ಟೀರಿಂಗ್ ಮೇಲೆ ಬೆರಳು ಬಡಿಯುತ್ತಿದ್ದ. ಹಿಂದಿನಿಂದ ಯಾರೋ ಗೊಣಗಿದರು. ಭಾಷೆ ತಿಳಿಯದಿದ್ದರೂ ಗೊಣಗಾಟ ಎಲ್ಲ ಭಾಷೆಯಲ್ಲೂ ತಿಳಿಯುತ್ತದೆ. ನನ್ನ ಎದೆ ಡವಡವ. ಇವರಿಗೆ ಎದೆಗೆ ಸ್ಟೆಂಟ್ ಹಾಕಿಸಿ ಮೂರು ವರ್ಷ. ಅಲ್ಲಿನ ಅಂಚು ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರ, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಮೇಲೆ. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಎಲ್ಲೋ ಕುಸಿದು ಕುಳಿತಿದ್ದರೆ? ಅಂಚಿಗೆ ಎಲ್ಲ ಕಡೆ ಕಂಬಿಯೂ ಇಲ್ಲ.

ಗೈಡ್ ನನ್ನ ಹತ್ತಿರ ಬಂದು ಕೆಳದನಿಯಲ್ಲಿ ಹೇಳಿದ. ಅಲ್ಲಿನ ಕಾನೂನಿನಂತೆ ಬಸ್ಸಿನ ಚಾಲಕ ಹತ್ತು ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ, ಕೆಲಸಕ್ಕೆ ಬಂದು ಹದಿನೈದು ಗಂಟೆ ಆದ ಮೇಲೆ ಸ್ಟೀರಿಂಗ್ ಮುಟ್ಟುವಂತೆಯೇ ಇಲ್ಲ. ನಾವು ಆ ರಾತ್ರಿ ಸಾಲ್ಟ್ ಲೇಕ್ ಸಿಟಿ ಸೇರಬೇಕು, ಇನ್ನೂ ನಾಲ್ಕೂವರೆ ಗಂಟೆಯ ದಾರಿ. ನಿಂತ ಪ್ರತಿ ನಿಮಿಷವೂ ಆ ಲೆಕ್ಕದಲ್ಲಿ ಕಳೆಯುತ್ತದೆ. ಅವನು ಕೋಪಿಸಿಕೊಳ್ಳಲಿಲ್ಲ, ಹೆದರಿದ್ದ.

ಆಗ ಪುಟ್ಟಿ ಸೀಟಿನಿಂದ ಎದ್ದು ನಿಂತು ಕೂಗಿದಳು: "ಅಜ್ಜಿ! ತಾತನ ವಾಚು ಲಾಸ್ ವೇಗಸ್‌ನಲ್ಲೇ ಇದೆ!"

ಗೈಡಿಗೆ ಇಂಗ್ಲಿಷಿನಲ್ಲಿ ಹೇಳಿದಳು. ಅವನು ಹಣೆ ಬಡಿದುಕೊಂಡ. ತಾತನ ಲೆಕ್ಕದಲ್ಲಿ ಈಗ ಇನ್ನೂ ಒಂದು ಮುಕ್ಕಾಲು. ಎಲ್ಲೋ ಆರಾಮಾಗಿ ಕುಳಿತಿದ್ದಾರೆ. ಎಲ್ಲಿ ಅನ್ನುವುದೂ ಅವಳಿಗೆ ಗೊತ್ತಿತ್ತು: "ಬೆಳಿಗ್ಗೆ ಮ್ಯಾಪ್ ನೋಡುವಾಗ ಸನ್‌ರೈಸ್ ಪಾಯಿಂಟ್ ಅಂತ ತೋರಿಸಿದ್ರು." ಗೈಡೂ ಅವಳೂ ಓಡಿದರು. ನಾನು ಬಸ್ಸಿನ ಮೆಟ್ಟಿಲಲ್ಲಿ ನಿಂತು ರಾಯರನ್ನು ನೆನೆದೆ.

ಮೂರು ಗಂಟೆ ಹತ್ತು ನಿಮಿಷಕ್ಕೆ ಮೂವರೂ ಬಂದರು. ಇವರ ಮುಖ ಸುಣ್ಣದಂತೆ ಬಿಳಿಚಿತ್ತು. ಬಸ್ಸು ಹತ್ತಿ, ಸೀಟಿಗೆ ಬಾರದೆ, ಮುಂದೆಯೇ ನಿಂತು ಎರಡೂ ಕೈ ಜೋಡಿಸಿ ಐವತ್ತು ಜನಕ್ಕೂ ನಮಸ್ಕಾರ ಮಾಡಿದರು. "ಸಾರಿ. ಮೈ ಮಿಸ್ಟೇಕ್" ಅಂದರು. ಯಾರೂ ಮಾತಾಡಲಿಲ್ಲ. ಬಸ್ಸು ಹೊರಟಿತು.

ಅಳುವುದಕ್ಕೆ ಶುರು ಮಾಡಿದ್ದು ಪುಟ್ಟಿ. "ನಾನು ಮಲಗಿಬಿಟ್ಟೆ. ಅದಕ್ಕೇ ತಾತಂಗೆ ಗೊತ್ತಾಗ್ಲಿಲ್ಲ." ಇವರು ಅವಳ ಕೈ ಹಿಡಿದುಕೊಂಡು, "ವಾಚು ನಂದು, ತಪ್ಪೂ ನಂದು. ನೀನು ಹತ್ತು ವರ್ಷದವಳು, ನಿದ್ದೆ ಬರಲೇಬೇಕು" ಅಂದರು. ಆದರೂ ಮುಳ್ಳು ತಿರುಗಿಸಲು ಒಪ್ಪಲಿಲ್ಲ, ಕೀಲಿಯ ಭಯ! ಕೊನೆಗೆ ಪುಟ್ಟಿ ಮೂಗು ಒರೆಸಿಕೊಂಡು ಪೆನ್ನು ತೆಗೆದು ಅವರ ಅಂಗೈ ಮೇಲೆ ದೊಡ್ಡದಾಗಿ "+1" ಎಂದು ಬರೆದಳು. ಅಂದಿನಿಂದ ಬಸ್ಸು ನಿಂತ ಕಡೆಯೆಲ್ಲ ಮೊದಲು ಬಸ್ಸಿನ ನಂಬರ್ ಫಲಕದ ಫೋಟೋ, ಆಮೇಲೆ ಹೊರಡುವ ಹೊತ್ತು ಬರೆದ ಚೀಟಿ ತಾತನ ಜೇಬಿಗೆ, ಗೈಡಿನ ಫೋನ್ ನಂಬರ್ ನನ್ನ ಪರ್ಸಿಗೆ. ಹೋಗುವವರು ಯಾರಾದರೂ ಇದ್ದರೆ ಮೊದಲ ದಿನವೇ ಹೀಗೆ ಮಾಡಿ, ನಮ್ಮ ಹಾಗೆ ಮೂರನೆಯ ದಿನಕ್ಕೆ ಕಾಯಬೇಡಿ.

ನಮ್ಮಿಂದಾಗಿ ಆ ಸಂಜೆ ಎಲ್ಲರ ಊಟದ ವಿರಾಮ ಅರ್ಧಕ್ಕೆ ಇಳಿಯಿತು. ಮಾರನೆಯ ಬೆಳಿಗ್ಗೆ ಸಾಲ್ಟ್ ಲೇಕ್ ಸಿಟಿಯಲ್ಲಿ ಉಪ್ಪಿನ ಸರೋವರ ನೋಡುವಾಗಲೂ ನಮ್ಮವರು ಯಾರ ಮುಖವನ್ನೂ ನೋಡದೆ ನಿಂತಿದ್ದರು. ಈ ಸರೋವರಕ್ಕೆ ನದಿಗಳು ಬಂದು ಸೇರುತ್ತವೆ, ಹೊರಗೆ ಹೋಗಲು ದಾರಿಯಿಲ್ಲ. ನೀರು ಆವಿಯಾಗಿ ಉಪ್ಪು ಮಾತ್ರ ಉಳಿಯುತ್ತದೆ. ಆ ನದಿಗಳ ನೀರನ್ನು ಹೊಲಕ್ಕೂ ಊರಿಗೂ ತಿರುಗಿಸಿಕೊಂಡು 2022ರಲ್ಲಿ ಸರೋವರ ಹಿಂದೆಂದೂ ಕಾಣದಷ್ಟು ತಗ್ಗಿಗೆ ಇಳಿಯಿತು. ಜಾಕ್ಸನ್ ಎಂಬ ಪುಟ್ಟ ಊರಿನ ಚೌಕದಲ್ಲಿ ಎಲ್ಕ್ ಜಿಂಕೆಗಳು ತಾವಾಗಿಯೇ ಉದುರಿಸಿದ ಕೊಂಬುಗಳನ್ನು ಹೆಣೆದು ಕಟ್ಟಿದ ಕಮಾನುಗಳಿವೆ. ಅಲ್ಲಿಯೂ ಇವರು ಫೋಟೋಕ್ಕೆ ನಿಲ್ಲಲಿಲ್ಲ, ಬಸ್ಸಿನಲ್ಲೇ ಇದ್ದರು. ಹೊರಡಲು ಇನ್ನೂ ಇಪ್ಪತ್ತು ನಿಮಿಷ ಇತ್ತು.

ಎಲ್ಲೋಸ್ಟೋನ್ ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನ, 1872ರಲ್ಲಿ ಆದದ್ದು. ದಾರಿಯಲ್ಲಿ ಐಸಾ ಎಂಬ ಕೊಳ ಸಿಗುತ್ತದೆ. ಅದರ ಒಂದು ತುದಿಯ ನೀರು ಪೆಸಿಫಿಕ್ ಸಾಗರಕ್ಕೆ, ಇನ್ನೊಂದು ತುದಿಯ ನೀರು ಮೆಕ್ಸಿಕೋ ಕೊಲ್ಲಿಯ ಕಡೆಗೆ ಹೋಗುತ್ತದೆ. ನಮ್ಮ ಬಿಸಿಲೆ ಘಟ್ಟದ ದಿಣ್ಣೆಯಲ್ಲಿ ಒಂದು ಕಡೆ ಬಿದ್ದ ಮಳೆ ಅರಬ್ಬೀ ಸಮುದ್ರಕ್ಕೆ, ಇನ್ನೊಂದು ಕಡೆಯದು ಬಂಗಾಳ ಕೊಲ್ಲಿಗೆ ಹೋಗುತ್ತದಲ್ಲ, ಹಾಗೆ. ಮುಂದೆ ರಸ್ತೆಯ ಮೇಲೆ ಬೈಸನ್ ಹಿಂಡು. ಇಪ್ಪತ್ತು ನಿಮಿಷ ಬಸ್ಸು ಅಲ್ಲಾಡಲಿಲ್ಲ. ನಾಗರಹೊಳೆಯಲ್ಲಿ ನಾವು "ಬೈಸನ್" ಎಂದು ತೋರಿಸುವುದು ಕಾಟಿ, ಅಂದರೆ ಕಾಡುಕೋಣ, ಅದು ಬೇರೆ ಪ್ರಾಣಿ. ಅಮೆರಿಕದ್ದಕ್ಕೆ ಭುಜದ ಮೇಲೆ ದೊಡ್ಡ ಗೂನು, ಕಂಬಳಿ ಹೊದ್ದಂಥ ಕೂದಲು. ಎಮ್ಮೆಯಂತೆ ಸಾಧುವಾಗಿ ಕಂಡರೂ ಗಂಟೆಗೆ 50 ಕಿಲೋಮೀಟರ್ ಮೀರಿ ಓಡಬಲ್ಲದು. ಅದರಿಂದ 23 ಮೀಟರ್ ದೂರ, ಕರಡಿ ತೋಳಗಳಿಂದ 91 ಮೀಟರ್ ದೂರ ಇರಬೇಕೆಂಬುದು ಉದ್ಯಾನದ ನಿಯಮ.

ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಎಂಬ ಬಿಸಿನೀರಿನ ಬುಗ್ಗೆ ನೂರು ಮೀಟರಿಗೂ ಹೆಚ್ಚು ಅಗಲ. ನಡುವೆ ಕಡುನೀಲಿ, ಅಂಚಿನಲ್ಲಿ ಹಳದಿ, ಕಿತ್ತಳೆ, ಕೆಂಪು. ಯಾರೋ ರಂಗೋಲಿಗೆ ಬಣ್ಣ ತುಂಬಿದ ಹಾಗೆ. ಆ ಬಣ್ಣಗಳು ಬಿಸಿಯನ್ನೇ ಇಷ್ಟಪಡುವ ಸೂಕ್ಷ್ಮಜೀವಿಗಳವು. ಕೊರೋನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ಪಿಸಿಆರ್ ಪರೀಕ್ಷೆ ಮಾಡಿದ್ದು ನೆನಪಿದೆಯೇ? ಆ ಪರೀಕ್ಷೆಯ ವಿಧಾನ ಜಗತ್ತಿಗೆಲ್ಲ ಹರಡಿದ್ದು ಇಂಥ ಒಂದು ಜೀವಿಯ ಕಿಣ್ವದಿಂದ. 1966ರಲ್ಲಿ ಥಾಮಸ್ ಬ್ರಾಕ್ ಎಂಬ ವಿಜ್ಞಾನಿ ಎಲ್ಲೋಸ್ಟೋನ್‌ನ ಬಿಸಿನೀರಿನ ಕೊಳವೊಂದರಿಂದ ಅದನ್ನು ಸಂಗ್ರಹಿಸಿದ್ದರು. ಇದನ್ನು ಪುಟ್ಟಿ ಓದಿ ಹೇಳಿದಾಗ ನಮ್ಮವರು ಎರಡು ದಿನಗಳಲ್ಲಿ ಮೊದಲ ಸಲ ತಲೆಯೆತ್ತಿ, "ಹಾಗಾದ್ರೆ ನಮ್ಮೆಲ್ಲರ ಮೂಗಿನ ನೆಂಟಸ್ತಿಕೆ ಇಲ್ಲಿಗಿದೆ ಅನ್ನು" ಎಂದರು.

ಓಲ್ಡ್ ಫೇಯ್ತ್‌ಫುಲ್ ಅಂದರೆ ನಂಬಿಗಸ್ತ ಮುದುಕ. ಸುಮಾರು ಒಂದೂವರೆ ಗಂಟೆಗೊಮ್ಮೆ ಕುದಿನೀರನ್ನು ಮೂವತ್ತರಿಂದ ಐವತ್ತೈದು ಮೀಟರ್ ಎತ್ತರಕ್ಕೆ ಚಿಮ್ಮಿಸುತ್ತದೆ. ಮುಂದಿನದು ಯಾವಾಗ ಎಂದು ಹೇಳುವ ಗುಟ್ಟು ಹಿಂದಿನದರಲ್ಲಿದೆ. ಹಿಂದಿನ ಸಲ ಸ್ವಲ್ಪ ಹೊತ್ತು ಚಿಮ್ಮಿದ್ದರೆ ಬೇಗ ಬರುತ್ತದೆ. ಹೆಚ್ಚು ಹೊತ್ತು ಚಿಮ್ಮಿದ್ದರೆ ನೆಲದೊಳಗೆ ನೀರು ಮತ್ತೆ ತುಂಬಿ ಕಾಯಬೇಕು, ತಡವಾಗುತ್ತದೆ. ಅಂದು ಫಲಕದಲ್ಲಿ ಬರೆದಿದ್ದ ಹೊತ್ತು ಬಂತು, ಹೋಯಿತು. ಬರೀ ಹಬೆ. ಐದು ನಿಮಿಷ, ಎಂಟು ನಿಮಿಷ. ಗೈಡ್ ಮತ್ತೆ ಮತ್ತೆ ಮೊಬೈಲ್ ನೋಡಿಕೊಳ್ಳುತ್ತಿದ್ದ. ನಮ್ಮವರು ಅವನ ಹತ್ತಿರ ಹೋಗಿ, ತಮ್ಮ ಎಚ್‌ಎಂಟಿ ತೋರಿಸಿ, ಬುಗ್ಗೆಯ ಕಡೆ ಕೈ ಮಾಡಿ, "ಲಾಸ್ ವೇಗಸ್ ಟೈಮ್" ಅಂದರು.

ಹುಡುಗ ಎಷ್ಟು ನಕ್ಕನೆಂದರೆ ಕಣ್ಣಲ್ಲಿ ನೀರು ಬಂತು. ಅದನ್ನು ಚೀನೀ ಭಾಷೆಯಲ್ಲಿ ಕೂಗಿ ಹೇಳಿದ. ಇಡೀ ಗುಂಪು ನಕ್ಕಿತು. ಎರಡು ದಿನದಿಂದ ನಮ್ಮ ಕಡೆ ತಿರುಗದ ಒಬ್ಬ ಚೀನೀ ಅಜ್ಜಿ ಚೀಲದಿಂದ ಎಳ್ಳಿನ ಮಿಠಾಯಿ ತೆಗೆದು ಇವರ ಕೈಗೆ ಇಟ್ಟರು. ಥೇಟ್ ನಮ್ಮ ಚಿಕ್ಕಿ. ನಾನು ಗೊಜ್ಜವಲಕ್ಕಿಯ ಡಬ್ಬಿ ತೆಗೆದೆ. ಅಷ್ಟರಲ್ಲಿ ಬುಸ್ಸೆಂದು ಬಿಳಿಯ ಕಂಬ ಎದ್ದಿತು. ಹೇಳಬೇಕೆಂದರೆ ಅದನ್ನು ನಾನು ಪೂರ್ತಿ ನೋಡಲೇ ಇಲ್ಲ, ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದೆ.

ಆರನೆಯ ದಿನ ಅರಿಜೋನಾದಲ್ಲಿ ಒಂದು ತಮಾಷೆಯಾಯಿತು. ಬೇಸಿಗೆಯಲ್ಲಿ ಅಮೆರಿಕದ ಹೆಚ್ಚಿನ ರಾಜ್ಯಗಳು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ಇಡುತ್ತವೆ, ಅರಿಜೋನಾ ಇಡುವುದಿಲ್ಲ. (ಅದರೊಳಗಿನ ನವಾಹೋ ಜನರ ನಾಡು ಮಾತ್ರ ಇಡುತ್ತದೆ.) ಹಾಗಾಗಿ ಜೂನ್‌ನಲ್ಲಿ ಅರಿಜೋನಾದ ಹೊತ್ತೂ ಲಾಸ್ ವೇಗಸ್ ಹೊತ್ತೂ ಒಂದೇ. ತಾತನ ವಾಚು ತಾನಾಗಿಯೇ ಸರಿಹೋಗಿತ್ತು! ಪುಟ್ಟಿ ಅವರ ಅಂಗೈಯ "+1" ಅನ್ನು ಸೋಪು ಹಚ್ಚಿ ತೊಳೆದಳು.

ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿನಲ್ಲಿ ನಮಗೆ ಎರಡು ಗಂಟೆ. ಕಣಿವೆ 446 ಕಿಲೋಮೀಟರ್ ಉದ್ದ, ಒಂದೂವರೆ ಕಿಲೋಮೀಟರಿಗೂ ಹೆಚ್ಚು ಆಳ. ಅಲ್ಲಿ ಕಾಲದ ದಾರಿ ಎಂಬ ಕಾಲುದಾರಿಯೊಂದಿದೆ. ಒಂದೊಂದು ಮೀಟರ್ ನಡೆದರೆ ಹತ್ತು ಲಕ್ಷ ವರ್ಷ ಹಿಂದೆ ಹೋದ ಲೆಕ್ಕ. ಪಕ್ಕದಲ್ಲಿ ಕಣಿವೆಯಿಂದ ತಂದ ಆಯಾ ಕಾಲದ ಕಲ್ಲುಗಳನ್ನಿಟ್ಟಿದ್ದಾರೆ, ಮುಟ್ಟಿ ನೋಡಬಹುದು. ಎಲ್ಲಕ್ಕಿಂತ ಹಳೆಯದು 184 ಕೋಟಿ ವರ್ಷದ ಕಲ್ಲು. ತಾತನೂ ಮೊಮ್ಮಗಳೂ ಹೆಜ್ಜೆ ಎಣಿಸುತ್ತ ಹೊರಟರು. ನಾನು ಹಿಂದಿನಿಂದ, ಡೈನೋಸಾರುಗಳ ಕಾಲದಲ್ಲಿ ಬೆಂಚು ಸಿಕ್ಕಿದ ಕಡೆ ಕುಳಿತೆ.

ಬಂದ ಮೇಲೆ ಪುಟ್ಟಿಗೆ ಸಂಭ್ರಮವೋ ಸಂಭ್ರಮ. "ಅಜ್ಜಿ, ತಾತ ಹೇಳ್ತಾರೆ ಅವರು ದಿನಾ ವಾಕಿಂಗ್ ಹೋಗೋ ಲಾಲ್‌ಬಾಗ್ ಬಂಡೆ ಇದಕ್ಕಿಂತ ಹಳೇದಂತೆ! ನಿಜಾನಾ?" ನಿಜ. ಲಾಲ್‌ಬಾಗಿನ ಆ ಬಂಡೆಗೆ ಸುಮಾರು 300 ಕೋಟಿ ವರ್ಷ. ಭೂವಿಜ್ಞಾನ ಇಲಾಖೆಯವರು ಅಲ್ಲೇ ಫಲಕ ಹಾಕಿದ್ದಾರೆ, ಅದರ ಎದುರಿಗೇ ಕಡಲೆಕಾಯಿ ತಿಂದು ಸಿಪ್ಪೆ ಎಸೆಯುತ್ತೇವೆ. ಪುಟ್ಟಿ ಬೆರಳು ಮಡಿಸಿ ಲೆಕ್ಕ ಹಾಕಿದಳು. ಕೊನೆಯ ಕಲ್ಲಿನಿಂದ ಇನ್ನೂ 1,160 ಮೀಟರ್ ಹಿಂದಕ್ಕೆ ನಡೆದರೆ ನಮ್ಮ ಬಂಡೆ ಸಿಗುತ್ತದೆ. "ಬನ್ನಿ ತಾತ, ನಡೆಯೋಣ!"

ನಮ್ಮವರು ವಾಚು ನೋಡಿದರು. "ಹನ್ನೆರಡೇ ನಿಮಿಷ ಇದೆ ಪುಟ್ಟಿ. ಬಸ್ಸು ಹೋಗಿಬಿಡುತ್ತೆ."

"ಮತ್ತೆ ಬಂಡೆ?"

"ಡಿಸೆಂಬರ್ ರಜೆಗೆ ಬಾ. ಬೆಳಿಗ್ಗೆ ಆರಕ್ಕೆ ಹೊರಡೋಣ. ಆರು ಅಂದರೆ ಆರು."

ಈಗ ನವೆಂಬರ್. ಮೊನ್ನೆ ಅವಳ ಫೋನ್ ಬಂದಿತ್ತು. ಟಿಕೆಟ್ ಆಗಿದೆಯಂತೆ. ನಮ್ಮವರು ಮೊದಲು ವಾಚಿನ ಕೀಲಿ ಹಾಕಿಸಲು ಅವೆನ್ಯೂ ರಸ್ತೆಗೆ ಹೋಗಿದ್ದಾರೆ.